ಮೂಗೇಟು: ಉದರದ ಒಳಗಾಯಗಳ ನಿದಾನ ಬೆಳೆದುಬಂದ ಬಗೆ

೧

ಕನ್ನಡದಲ್ಲಿ ‘ಮೂಗೇಟು’ ಎಂಬ ಮಾತೊಂದುಂಟು. ಚರ್ಮ ಹರಿಯದೆ, ನೆತ್ತರು ಹೊರಬೀಳದೆ, ಮೈಯ ಒಳಗೇ ಉಳಿದುಕೊಳ್ಳುವ ಪೆಟ್ಟಿಗೆ ನಮ್ಮ ಜನ ಕೊಟ್ಟ ಹೆಸರು ಅದು. ಒಳಪೆಟ್ಟು ಎಂದೂ ಹೇಳುವುದುಂಟು. ಮೂಗನೆಂದರೆ ಮಾತು ಬಾರದವನಾದ್ದರಿಂದ, ತನ್ನ ಇರವನ್ನು ತಾನೇ ಹೇಳಿಕೊಳ್ಳಲಾರದ ಏಟು ಎಂಬ ಅರ್ಥ ಈ ಪದದಲ್ಲಿ ಸ್ಫುರಿಸುತ್ತದೆ. ಇಂಥ ಏಟು ಹೊಟ್ಟೆಯ ಮೇಲೆ ಬಿದ್ದಾಗ ಒಳಗಿನ ಯಕೃತ್ತು, ಪ್ಲೀಹ, ಕರುಳು, ಮೂತ್ರಪಿಂಡ ಮೊದಲಾದ ಅಂಗಗಳಿಗೆ ಹಾನಿಯಾಗಿದೆಯೆ ಇಲ್ಲವೆ ಎಂಬುದನ್ನು ಬೇರೆ ಬೇರೆ ಕಾಲಗಳಲ್ಲಿ ವೈದ್ಯರು ಹೇಗೆ ಗೊತ್ತುಮಾಡುತ್ತ ಬಂದರೆಂಬುದೇ ಪ್ರಕೃತ ಲೇಖನದ ವಿಷಯ. ವೈದ್ಯಗ್ರಂಥಗಳಲ್ಲಿ ಇದು ಕೆಲವು ಪುಟಗಳ ಪ್ರಕರಣ. ಇತಿಹಾಸದ ವಿದ್ಯಾರ್ಥಿಗಾದರೋ ಇದರಲ್ಲಿ ವೈದ್ಯಶಾಸ್ತ್ರ, ನ್ಯಾಯಾಲಯ, ಸರ್ಕಾರ, ಸಾರಿಗೆ ಇವೆಲ್ಲವುಗಳ ಚರಿತ್ರೆ ಒಂದರೊಡನೊಂದು ಹೆಣೆದುಕೊಂಡಿರುವುದು ಕಂಡುಬರುತ್ತದೆ.

ಈ ವಿವೇಚನೆಗೆ ನಾವು ಹೆಬ್ಬೂರನ್ನು ನೆಲೆಯಾಗಿ ಇಟ್ಟುಕೊಂಡಿದ್ದೇವೆ. ಹೆಬ್ಬೂರು ತುಮಕೂರು ತಾಲ್ಲೂಕಿನ ಒಂದು ಹೋಬಳಿಯ ಮುಖ್ಯಸ್ಥಳ. ತುಮಕೂರಿನಿಂದ ಕುಣಿಗಲಿಗೆ ಹೋಗುವ ದಾರಿಯಲ್ಲಿ, ತುಮಕೂರಿಗೆ ಸುಮಾರು ೨೦ ಕಿಲೋಮೀಟರು ದೂರದಲ್ಲಿ ಅದು ಇದೆ. ಗುಬ್ಬಿ ಮತ್ತು ಕುಣಿಗಲ್ ತಾಲ್ಲೂಕುಗಳು ಅದರ ನೆರೆಯವು. ಉತ್ತರಕ್ಕೆ ತುಮಕೂರಿನಲ್ಲಿ ಬೆಂಗಳೂರು–ಪುಣೆ ಹೆದ್ದಾರಿ, ದಕ್ಷಿಣಕ್ಕೆ ಕುಣಿಗಲಿನಲ್ಲಿ ಬೆಂಗಳೂರು–ಮಂಗಳೂರು ಹೆದ್ದಾರಿ. ಇವೆರಡನ್ನೂ ಕೂಡಿಸುವ ರಸ್ತೆಯ ಮೇಲೆ ಊರು ನಿಂತಿದೆ. ತೆಂಗು ಅಡಕೆಯ ತೋಟಗಳೂ ರಾಗಿಯ ಹೊಲಗಳೂ ಇರುವ ಈ ಸೀಮೆಯಲ್ಲಿ ಮೂಗೇಟಿಗೆ ಹಳೆಯ ಕಾರಣಗಳೂ ಉಂಟು, ಹೊಸವೂ ಉಂಟು. ಮರದಿಂದ ಬೀಳುವುದು, ಎತ್ತು ಹಾಯುವುದು, ಗಾಡಿಯ ಚಕ್ರ ಹೊಟ್ಟೆಯ ಮೇಲೆ ಹರಿಯುವುದು, ಜಗಳದಲ್ಲಿ ಒದೆ ಬೀಳುವುದು ಇವು ಹಿಂದಿನಿಂದ ಬಂದವು. ಮೋಟಾರು ಬೈಕಿನ ಹಿಡಿ ಹೊಟ್ಟೆಗೆ ಒತ್ತಿಕೊಳ್ಳುವುದು, ಟ್ರ್ಯಾಕ್ಟರು ಮಗುಚುವುದು, ಬಸ್ಸು ಲಾರಿಗಳ ಡಿಕ್ಕಿ ಇವು ಈಚಿನವು. ಕುದುರೆ ಸಾಕಣೆಗೆ ಬಹುಕಾಲದಿಂದ ಹೆಸರಾದ ಕುಣಿಗಲು ಹತ್ತಿರವೇ ಇರುವುದರಿಂದ ಕುದುರೆಯ ಒದೆಯನ್ನೂ ಈ ಪಟ್ಟಿಗೆ ಸೇರಿಸಬಹುದು.

ನಿದಾನಶಾಸ್ತ್ರದ ಚರಿತ್ರೆಯನ್ನು ದೊಡ್ಡ ನಗರಗಳ ಆಸ್ಪತ್ರೆಗಳಲ್ಲಿ ನಿಂತು ಬರೆಯುವುದು ವಾಡಿಕೆ. ಅದನ್ನೇ ಪೆಟ್ಟು ಬಿದ್ದ ಊರಿನಲ್ಲಿ ನಿಂತು ನೋಡಿದರೆ ಕೆಲವು ಅಂಶಗಳು ಬೇರೆಯಾಗಿ ತೋರುವುವು. ನಾವು ಪ್ರತಿಪಾದಿಸಬಯಸುವ ಅಂಶ ಇಷ್ಟು: ಒಳಗಾಯದ ಲಕ್ಷಣಗಳು ಬಹು ಹಿಂದಿನಿಂದಲೂ ತಿಳಿದಿದ್ದುವು. ಆದರೆ ಆ ತಿಳಿವಳಿಕೆ ಬಹುಕಾಲ ಬರಲಿರುವ ಸಾವನ್ನು ಮುಂದಾಗಿ ಹೇಳುವುದಕ್ಕೂ, ಅನಂತರ ಬಂದ ಸಾವಿಗೆ ಕಾರಣ ಹೇಳುವುದಕ್ಕೂ ಮಾತ್ರ ಬಳಕೆಯಾಯಿತು. ಬದುಕಿರುವವನ ಉಪಯೋಗಕ್ಕೆ ಅದು ಬಂದದ್ದು ಕಳೆದ ನೂರಮೂವತ್ತು ವರ್ಷಗಳಲ್ಲಿ. ಹಳ್ಳಿಗಳ ಮಟ್ಟಿಗೆ ಆ ಕೆಲಸ ಇನ್ನೂ ಮುಗಿದಿಲ್ಲ.

೨

ಮೊದಲು ಉದರದ ರಚನೆಯನ್ನು ಸಂಕ್ಷೇಪವಾಗಿ ನೆನೆಯುವುದು ಅವಶ್ಯ. ಹೊಟ್ಟೆಯೊಳಗಿನ ಅಂಗಗಳನ್ನು ಘನವಾದುವೆಂದೂ ಟೊಳ್ಳಾದುವೆಂದೂ ಎರಡು ವರ್ಗವಾಗಿ ವಿಂಗಡಿಸಬಹುದು. ಯಕೃತ್ತು, ಪ್ಲೀಹ, ಮೂತ್ರಪಿಂಡ ಮೊದಲನೆಯ ವರ್ಗದವು. ಇವು ರಕ್ತದಿಂದ ತುಂಬಿದ ಮೃದುವಾದ ಅಂಗಗಳಾದ್ದರಿಂದ ಬಿರಿದರೆ ರಕ್ತ ಹರಿಯುತ್ತದೆ. ಜಠರ, ಕರುಳು, ಮೂತ್ರಕೋಶ ಎರಡನೆಯ ವರ್ಗದವು. ಇವು ಒಡೆದರೆ ಒಳಗಿನ ರಸ, ಮಲ, ಮೂತ್ರಗಳು ಸೋರಿ ಉದರದ ಒಳಪೊರೆ ಉರಿಗೊಳ್ಳುತ್ತದೆ. ಮೊದಲನೆಯದರಲ್ಲಿ ಅಪಾಯ ಗಂಟೆಗಳ ಲೆಕ್ಕದಲ್ಲಿ, ಕೆಲವೊಮ್ಮೆ ನಿಮಿಷಗಳ ಲೆಕ್ಕದಲ್ಲಿ ಬರುತ್ತದೆ. ಎರಡನೆಯದರಲ್ಲಿ ಒಂದೆರಡು ದಿನಗಳಲ್ಲಿ ಬರುತ್ತದೆ. ಎರಡರಲ್ಲಿಯೂ ಆರಂಭದಲ್ಲಿ ಹೊರಗೆ ಏನೂ ಕಾಣದಿರಬಹುದು. ಆರೋಗ್ಯವಂತನಾದ ತರುಣನ ಶರೀರ ರಕ್ತನಾಳಗಳನ್ನು ಬಿಗಿಹಿಡಿದು, ನಾಡಿಯನ್ನು ಚುರುಕುಗೊಳಿಸಿ, ನಷ್ಟವನ್ನು ಮರೆಮಾಡುತ್ತದೆ. ಸಾಧಾರಣ ಮೈಕಟ್ಟಿನವನಲ್ಲಿ ಇರುವ ಸುಮಾರು ಐದು ಲೀಟರು ರಕ್ತದಲ್ಲಿ ಮೂರರಲ್ಲೊಂದು ಪಾಲು ಹೋಗುವ ತನಕ ರಕ್ತದೊತ್ತಡ ಇಳಿಯದೆಯೂ ಇರಬಹುದು. ಈ ನಿಶ್ಶಬ್ದವಾದ ಅವಧಿಯೇ ನಿದಾನದ ಸಮಸ್ಯೆಯ ತಿರುಳು.

ನಮ್ಮ ದೇಶದ ಪ್ರಾಚೀನ ಶಸ್ತ್ರವೈದ್ಯರು ಇದನ್ನು ಗಮನಿಸದೆ ಇರಲಿಲ್ಲ. ಸುಶ್ರುತಸಂಹಿತೆಯ ಚಿಕಿತ್ಸಾಸ್ಥಾನದ ಎರಡನೆಯ ಅಧ್ಯಾಯ ಸದ್ಯೋವ್ರಣಗಳಿಗೆ, ಎಂದರೆ ಪೆಟ್ಟಿನಿಂದ ಕೂಡಲೆ ಆಗುವ ಗಾಯಗಳಿಗೆ ಮೀಸಲಾಗಿದೆ. ಅಲ್ಲಿ ಕೋಷ್ಠವೆಂಬ ಹೆಸರಿನಿಂದ ಎಂಟು ಆಶಯಗಳನ್ನು ಎಣಿಸಿ, ಕೋಷ್ಠ ಭೇದಿಸಲ್ಪಟ್ಟು ರಕ್ತದಿಂದ ತುಂಬಿದಾಗ ತೋರುವ ಚಿಹ್ನೆಗಳನ್ನು ಹೇಳಿದೆ: ಜ್ವರ, ದಾಹ, ಬಾಯಾರಿಕೆ, ಮೂರ್ಛೆ, ಉಸಿರಾಟದ ತೊಡಕು, ಹೊಟ್ಟೆಯುಬ್ಬರ, ಮಲ ಮೂತ್ರ ವಾಯುಗಳ ತಡೆ, ಬೆವರು. ರಕ್ತ ಆಮಾಶಯದಲ್ಲಿ ನಿಂತರೆ ಒಂದು ಬಗೆ, ಪಕ್ವಾಶಯದಲ್ಲಿ ನಿಂತರೆ ಮತ್ತೊಂದು ಬಗೆ ಎಂದು ಸ್ಥಾನಭೇದವನ್ನೂ ಅದು ಕಾಣಿಸುತ್ತದೆ. ಈ ಪ್ರಕರಣ ಮುಖ್ಯವಾಗಿ ಆಯುಧದ ಗಾಯಗಳನ್ನು ಕುರಿತದ್ದೆಂಬುದು ನಿಜ. ಆದರೂ ಆಶಯ ಒಡೆಯದಿದ್ದಾಗ ಸಹ ಸೂಕ್ಷ್ಮರಂಧ್ರಗಳ ಮೂಲಕ ರಕ್ತ ಕರುಳನ್ನು ತುಂಬಬಹುದು, ಬಾಯಿ ಮುಚ್ಚಿದ ಗಡಿಗೆಯೊಳಕ್ಕೆ ನೀರು ಒಸರಿದಂತೆ ಅದರ ಭಾರ ಮಾತ್ರ ತಿಳಿಯುತ್ತದೆ ಎಂಬ ಭಾವದ ಮಾತು ಅಲ್ಲಿದೆ. ಹೊರಗಿನಿಂದ ಕಾಣದುದನ್ನು ಭಾರದಿಂದ ಊಹಿಸುವ ಈ ಯತ್ನ ಗಮನಾರ್ಹವಾದುದು.

ಇದರ ಮುಂದಿನ ಉಪದೇಶ ಇನ್ನೂ ಮುಖ್ಯ. ಒಳಗೆ ರಕ್ತ ತುಂಬಿ ಬಿಳಿಚಿಕೊಂಡವನು, ಕೈಕಾಲು ಮುಖ ತಣ್ಣಗಾದವನು, ಉಸಿರು ಶೀತಲವಾದವನು, ಕಣ್ಣು ಕೆಂಪಗಾಗಿ ಹೊಟ್ಟೆ ಬಿಗಿದವನು, ಇಂಥವನನ್ನು ಚಿಕಿತ್ಸೆಗೆ ಕೈಕೊಳ್ಳದೆ ಬಿಡಬೇಕೆಂದು ಸಂಹಿತೆ ಹೇಳುತ್ತದೆ. ಕಣ್ಣಿನ ಕೆಂಪೊಂದನ್ನು ಬಿಟ್ಟರೆ, ಇಂದಿನ ವೈದ್ಯ ಆಂತರಿಕ ರಕ್ತಸ್ರಾವದ ಆಘಾತವೆಂದು ಕರೆಯುವ ಅವಸ್ಥೆಗೆ ಈ ಚಿತ್ರ ಬಹುಮಟ್ಟಿಗೆ ಒಪ್ಪುತ್ತದೆ. ಅದೇ ಅಧ್ಯಾಯದಲ್ಲಿ ಹೊಟ್ಟೆ ಸೀಳಿ ಹೊರಬಂದ ಕರುಳನ್ನು ತೊಳೆದು ಒಳಸೇರಿಸಿ ಹೊಲಿಯುವ ಕ್ರಮವೂ, ಕರುಳಿನ ತೂತನ್ನು ಕಚ್ಚಿಸಿದ ಇರುವೆಗಳ ತಲೆಗಳಿಂದ ಮುಚ್ಚುವ ಕೆಲವರ ಮತವೂ ಉಕ್ತವಾಗಿವೆ. ಕಣ್ಣಿಗೆ ಕಂಡ ಗಾಯಕ್ಕೆ ಕೈ ಮುಂದಾಯಿತು. ಕಾಣದ ಗಾಯದಲ್ಲಿ ಲಕ್ಷಣ ತಿಳಿದಿದ್ದರೂ ಕೈ ಹಿಂದೆ ಸರಿಯಿತು. ಅರಿವಳಿಕೆ, ರಕ್ತಪೂರಣ, ಸೋಂಕು ತಡೆಯುವ ವಿಧಾನ ಯಾವುದೂ ಇಲ್ಲದ ಕಾಲದಲ್ಲಿ ಇದು ಹೃದಯಹೀನತೆಯ ಮಾತಲ್ಲ. ಮಾಡಬಹುದಾದುದರ ಎಲ್ಲೆಯನ್ನು ಅರಿತವನ ಮಾತು. ಯೂರೋಪಿನ ವೈದ್ಯರೂ ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದವರೆಗೆ ಸ್ಥೂಲವಾಗಿ ಇದೇ ಎಲ್ಲೆಯಲ್ಲಿ ನಿಂತಿದ್ದರು.

೩

ಹತ್ತೊಂಬತ್ತನೆಯ ಶತಮಾನದ ಭಾರತದಲ್ಲಿ ಉದರದ ಒಳಗಾಯದ ಪ್ರಶ್ನೆ ಆಸ್ಪತ್ರೆಗಿಂತ ಹೆಚ್ಚಾಗಿ ಕಚೇರಿಯಲ್ಲಿ, ಎಂದರೆ ನ್ಯಾಯಸ್ಥಾನದಲ್ಲಿ, ಚರ್ಚೆಗೆ ಬಂದಿತು. ಇದಕ್ಕೆ ಕಾರಣ ಮಲೇರಿಯಾ. ಸ್ವಸ್ಥನ ಪ್ಲೀಹ ಸುಮಾರು ೧೫೦ ಗ್ರಾಂ ತೂಗುತ್ತದೆ; ಎಡಗಡೆಯ ಪಕ್ಕೆಲುಬುಗಳ ಆಸರೆಯಲ್ಲಿ ಅಡಗಿರುತ್ತದೆ. ಚಳಿಜ್ವರ ಮತ್ತೆ ಮತ್ತೆ ಬಂದವನಲ್ಲಿ ಅದು ಹಲವು ಪಟ್ಟು ಬೆಳೆದು ಪಕ್ಕೆಯ ಕೆಳಕ್ಕೆ ಇಳಿಯುತ್ತದೆ. ನಮ್ಮ ಜನ ಇದನ್ನು ಜ್ವರಗಡ್ಡೆ ಎಂದರು. ಹೀಗೆ ಬೆಳೆದ ಪ್ಲೀಹಕ್ಕೆ ಎಲುಬಿನ ರಕ್ಷಣೆಯಿಲ್ಲ. ಅದರ ಕೋಶವೂ ದುರ್ಬಲ. ಸ್ವಸ್ಥನನ್ನು ಏನೂ ಮಾಡದ ಒಂದು ಗುದ್ದು ಅದನ್ನು ಬಿರಿಯಿಸಬಲ್ಲುದು. ೧೮೪೮ರಲ್ಲಿ ಡೆಂಪ್‌ಸ್ಟರ್ ಎಂಬ ವೈದ್ಯಾಧಿಕಾರಿ ಯಮುನಾ ಕಾಲುವೆಯ ಪ್ರದೇಶದ ಜನರ ಹೊಟ್ಟೆಯನ್ನು ಕೈಯಿಂದ ಮುಟ್ಟಿನೋಡಿ, ಎಷ್ಟು ಮಂದಿಗೆ ಪ್ಲೀಹ ದೊಡ್ಡದಾಗಿದೆಯೆಂಬುದರಿಂದ ಊರಿನ ಜ್ವರಪೀಡೆಯನ್ನು ಅಳೆದನು. ಈ ಪದ್ಧತಿ ಮುಂದೆ ಮಲೇರಿಯಾ ಸಮೀಕ್ಷೆಗಳಿಗೆ ಆಧಾರವಾಯಿತು. ೧೯೩೦ರ ಸುಮಾರಿನಲ್ಲಿ ಮೈಸೂರು ಸಂಸ್ಥಾನದ ಆರೋಗ್ಯ ಇಲಾಖೆ ರಾಕ್‌ಫೆಲರ್ ಪ್ರತಿಷ್ಠಾನದ ಸಹಕಾರದಿಂದ ಮಲೇರಿಯಾ ಸಂಶೋಧನೆ ನಡೆಸಿದಾಗಲೂ ಮಕ್ಕಳ ಪ್ಲೀಹವನ್ನು ಮುಟ್ಟಿ ಎಣಿಸುವುದು ಕ್ರಮದ ಒಂದು ಅಂಗವಾಗಿತ್ತು.

ಆದರೆ ಪ್ಲೀಹ ಬಿರಿದ ಸಂಗತಿ ತಿಳಿಯುತ್ತಿದ್ದುದು ಶವಪರೀಕ್ಷೆಯ ಮೇಜಿನ ಮೇಲೆ. ನಾರ್ಮನ್ ಚೀವರ್ಸನು ೧೮೫೬ರಲ್ಲಿ ಮೊದಲು ಪ್ರಕಟಿಸಿ ೧೮೭೦ರಲ್ಲಿ ವಿಸ್ತರಿಸಿದ ನ್ಯಾಯವೈದ್ಯಕ ಗ್ರಂಥದಲ್ಲಿ ಇಂಥ ಸಾವುಗಳ ವಿವರಣೆ ಬಂದಿದೆ. ಭಾರತೀಯ ಲೇಖಕರಲ್ಲಿ ಜೈಸಿಂಗ್ ಮೋದಿಯವರ ಗ್ರಂಥ ೧೯೨೦ರಲ್ಲಿ ಹೊರಬಂದು ತಲೆಮಾರುಗಳ ಕಾಲ ಪಠ್ಯವಾಗಿ ನಿಂತಿತು. ಅದರಲ್ಲಿಯೂ ಈ ವಿಷಯಕ್ಕೆ ಸ್ಥಾನವುಂಟು. ಹೊರಗೆ ತರಚಿದ ಗುರುತು ಸಹ ಇಲ್ಲದೆ ಒಳಗೆ ಪ್ರಾಣಾಂತಿಕ ಗಾಯವಿರಬಹುದೆಂಬ ಪಾಠವನ್ನು ಸರ್ಕಾರಿ ವೈದ್ಯರು ಸತ್ತವರಿಂದ ಕಲಿತರು.

ಈ ಜ್ಞಾನದ ದುರುಪಯೋಗಕ್ಕೆ ಪ್ರಸಿದ್ಧವಾದ ದೃಷ್ಟಾಂತ ಆಗ್ರಾದ ಫುಲ್ಲರ್ ಪ್ರಕರಣ. ಫುಲ್ಲರ್ ಎಂಬ ಆಂಗ್ಲ ವಕೀಲನಿಂದ ಹೊಡೆತ ತಿಂದ ಅವನ ಕುದುರೆಯಾಳು ಸ್ವಲ್ಪ ಹೊತ್ತಿನಲ್ಲಿ ಸತ್ತನು. ಪರೀಕ್ಷೆಯಲ್ಲಿ ರೋಗದಿಂದ ದೊಡ್ಡದಾಗಿದ್ದ ಪ್ಲೀಹ ಬಿರಿದಿತ್ತೆಂದು ತಿಳಿದುಬಂತು. ಮ್ಯಾಜಿಸ್ಟ್ರೇಟನು ಇದನ್ನು ಕೇವಲ ನೋವುಂಟುಮಾಡಿದ ಅಪರಾಧವೆಂದು ಎಣಿಸಿ ೩೦ ರೂಪಾಯಿ ದಂಡ ವಿಧಿಸಿದನು. ೧೮೭೬ರಲ್ಲಿ ವೈಸರಾಯ್ ಲಾರ್ಡ್ ಲಿಟ್ಟನನು ಈ ತೀರ್ಪನ್ನು ಬಹಿರಂಗವಾಗಿ ಖಂಡಿಸಿದ್ದರಿಂದ ದೊಡ್ಡ ವಿವಾದವೆದ್ದಿತು. ದಂಡಸಂಹಿತೆಯಲ್ಲಿ ಈ ಬಗೆಗೆ ನಿಯಮವಿಲ್ಲದೆ ಇರಲಿಲ್ಲ. ರೋಗಪೀಡಿತನಿಗೆ ಗಾಯಮಾಡಿ ಅವನ ಸಾವನ್ನು ಬೇಗ ತಂದವನೇ ಆ ಸಾವಿಗೆ ಕಾರಣನೆಂದು ೧೮೬೦ರ ಸಂಹಿತೆಯ ೨೯೯ನೆಯ ವಿಧಿಯ ವಿವರಣೆ ಹೇಳುತ್ತಿತ್ತು. ರೋಗವನ್ನು ತಿಳಿದೇ ಹೊಡೆದವನಿಗೂ ತಿಳಿಯದೆ ಹೊಡೆದವನಿಗೂ ಇರುವ ಭೇದವನ್ನು ೩೦೦ನೆಯ ವಿಧಿ ಉದಾಹರಣೆಯೊಡನೆ ಸ್ಪಷ್ಟಪಡಿಸಿತ್ತು. ಆದರೂ ರೋಗಿಯ ಪ್ಲೀಹವೇ ಅಪರಾಧಿಯ ಪರವಾದ ಸಾಕ್ಷಿಯಾಗಿ ನಿಂತಿತು. ನಿದಾನ ಸರಿಯಾಗಿಯೇ ಇತ್ತು. ಅದು ಹೊಡೆತ ತಿಂದವನಿಗೆ ಬದುಕಿದ್ದಾಗ ಒದಗಲಿಲ್ಲ, ಸತ್ತಮೇಲೆ ನ್ಯಾಯವನ್ನೂ ತರಲಿಲ್ಲ. ಒಳಗಾಯದ ಚರಿತ್ರೆಯಲ್ಲಿ ಈ ಘಟ್ಟವನ್ನು ಶವಪರೀಕ್ಷೆಯ ಯುಗವೆಂದು ಕರೆಯಬಹುದು.

೪

ಈ ಯುಗ ಮುಗಿಯುವ ಸೂಚನೆ ೧೮೯೦ರ ದಶಕದಲ್ಲಿ ಕಾಣಿಸಿಕೊಂಡಿತು. ೧೮೪೬ರಲ್ಲಿ ಈಥರಿನ ಅರಿವಳಿಕೆಯೂ, ೧೮೬೭ರಲ್ಲಿ ಲಿಸ್ಟರನ ಕೀಟಾಣುನಿವಾರಣ ಪದ್ಧತಿಯೂ ಬಂದಮೇಲೆ ಹೊಟ್ಟೆಯನ್ನು ತೆರೆಯುವುದು ಸಾಧ್ಯವಾಗಿತ್ತು. ೧೮೯೨ರಲ್ಲಿ ಬ್ರೆಸ್ಲಾವ್ ನಗರದ ರೀಗ್ನರ್ ಎಂಬ ಶಸ್ತ್ರವೈದ್ಯ, ಕಟ್ಟಡದ ಸಾರುವೆಯಿಂದ ಬಿದ್ದ ೧೪ ವರ್ಷದ ಹುಡುಗನೊಬ್ಬನ ಬಿರಿದ ಪ್ಲೀಹವನ್ನು ತೆಗೆದು ಅವನನ್ನು ಬದುಕಿಸಿದನು. ಮೂಗೇಟಿನಿಂದ ಒಡೆದ ಪ್ಲೀಹಕ್ಕೆ ಮಾಡಿದ ಸಫಲ ಶಸ್ತ್ರಚಿಕಿತ್ಸೆಗಳಲ್ಲಿ ಇದೇ ಮೊದಲನೆಯದೆಂದು ಗಣಿತವಾಗಿದೆ. ೧೯೦೮ರಲ್ಲಿ ಗ್ಲಾಸ್ಗೋವಿನ ಹೊಗಾರ್ತ್ ಪ್ರಿಂಗಲನು, ಯಕೃತ್ತಿಗೆ ಹೋಗುವ ರಕ್ತನಾಳಗಳನ್ನು ಬೆರಳುಗಳ ನಡುವೆ ಒತ್ತಿಹಿಡಿದು ರಕ್ತವನ್ನು ತಡೆಯುವ ಉಪಾಯವನ್ನು ಪ್ರಕಟಿಸಿದನು.

ಚಿಕಿತ್ಸೆ ಸಾಧ್ಯವೆಂದಾದ ಕೂಡಲೆ ಲಕ್ಷಣಗಳ ಮೇಲೆ ಹೊಸ ಗಮನ ಬಿದ್ದಿತು. ಇದು ನಮ್ಮ ಪ್ರತಿಪಾದನೆಗೆ ಅತ್ಯಂತ ಪೋಷಕವಾದ ಅಂಶ. ಪ್ಲೀಹ ಬಿರಿದವನಿಗೆ ಎಡ ಹೆಗಲಿನಲ್ಲಿ ನೋವು ಬರುವುದನ್ನು ಜರ್ಮನಿಯ ಹಾನ್ಸ್ ಕೇರನ ಹೆಸರಿನಿಂದ ಇಂದಿಗೂ ಗುರುತಿಸುವರು. ರಕ್ತ ವಪೆಯನ್ನು ಕೆರಳಿಸಿದಾಗ, ವಪೆಗೂ ಹೆಗಲಿಗೂ ಕತ್ತಿನ ಒಂದೇ ಭಾಗದಿಂದ ನರಗಳು ಬರುವುದರಿಂದ, ನೋವು ಹೆಗಲಿನಲ್ಲಿ ತೋರುತ್ತದೆ. ಲಂಡನ್ನಿನ ಚಾರ್ಲ್ಸ್ ಬ್ಯಾಲೆನ್ಸನು, ಹೊಟ್ಟೆಯನ್ನು ಬೆರಳಿನಿಂದ ತಟ್ಟಿದಾಗ ಎಡಪಕ್ಕದಲ್ಲಿ ಕದಲದ ಮಂದಧ್ವನಿ, ಬಲಪಕ್ಕದಲ್ಲಿ ಮಗ್ಗುಲು ಬದಲಿಸಿದರೆ ಸರಿಯುವ ಮಂದಧ್ವನಿ ಕೇಳುವುದನ್ನು ವಿವರಿಸಿದನು. ಹೊಟ್ಟೆಯ ಸ್ನಾಯುಗಳ ಬಿಗಿತ, ಒತ್ತಿ ಬಿಟ್ಟಾಗ ಹೆಚ್ಚುವ ನೋವು, ಕರುಳಿನ ಸದ್ದು ನಿಲ್ಲುವುದು ಇವೆಲ್ಲ ವಿದ್ಯಾರ್ಥಿಗಳ ಪಾಠಗಳಾದುವು. ೧೮೯೫ರಲ್ಲಿ ರಾಂಟ್‌ಗೆನನು ಕ್ಷಕಿರಣಗಳನ್ನು ಕಂಡುಹಿಡಿದಮೇಲೆ ಮುರಿದ ಪಕ್ಕೆಲುಬೂ, ಕರುಳು ಒಡೆದು ವಪೆಯ ಕೆಳಗೆ ಸೇರಿದ ಗಾಳಿಯೂ ಚಿತ್ರದಲ್ಲಿ ಕಾಣತೊಡಗಿದುವು.

ಪೆಟ್ಟು ಬಿದ್ದ ಹಲವು ದಿನಗಳ ಮೇಲೆ, ಗುಣವಾಯಿತೆಂದು ಎಲ್ಲರೂ ನಂಬಿದ್ದಾಗ, ಪ್ಲೀಹ ಒಡೆದು ರಕ್ತ ಹರಿಯುವ ಪ್ರಸಂಗಗಳೂ ಗಮನಕ್ಕೆ ಬಂದುವು. ಮೊದಲು ರಕ್ತ ಪ್ಲೀಹದ ಕೋಶದೊಳಗೇ ಹೆಪ್ಪುಗಟ್ಟಿ ನಿಂತು ಅನಂತರ ಕೋಶ ಹರಿಯುವುದೇ ಇದರ ಒಂದು ಬಗೆ. ಮುಂದೆ ವಿಮಾನಪಡೆಯ ಗಾಯಾಳುಗಳ ಮುಖಗಳನ್ನು ಸರಿಪಡಿಸಿ ಹೆಸರಾದ ಆರ್ಚಿಬಾಲ್ಡ್ ಮಕಿಂಡೋ ೧೯೩೨ರಲ್ಲಿ ಈ ವಿಳಂಬಿತ ರಕ್ತಸ್ರಾವವನ್ನು ಕುರಿತು ಬರೆದನು. ಒಮ್ಮೆ ನೋಡಿ ಏನೂ ಇಲ್ಲವೆಂದು ಕಳುಹಿಸುವುದು ಸಾಲದು, ಮತ್ತೆ ಮತ್ತೆ ನೋಡಬೇಕು ಎಂಬ ನಿಯಮ ಇಂಥ ಪ್ರಸಂಗಗಳಿಂದ ದೃಢವಾಯಿತು.

ಇದೇ ಕಾಲದಲ್ಲಿ ಮೈಸೂರು ಸಂಸ್ಥಾನದಲ್ಲಿ ಏನಾಗುತ್ತಿತ್ತು? ೧೮೮೧ರಲ್ಲಿ ರಾಜ್ಯ ಒಡೆಯರ ವಂಶಕ್ಕೆ ಮರಳಿತು. ೧೮೮೪ರಲ್ಲಿ ಬೆಂಗಳೂರಿನಿಂದ ತುಮಕೂರಿಗೆ ರೈಲು ಬಂದಿತು. ರಾಣಿ ವಿಕ್ಟೋರಿಯಾಳ ಆಳ್ವಿಕೆಯ ಅರವತ್ತನೆಯ ವರ್ಷವಾದ ೧೮೯೭ರಲ್ಲಿ ಮಹಾರಾಣಿ ರೀಜೆಂಟರಾಗಿದ್ದ ವಾಣೀವಿಲಾಸ ಸನ್ನಿಧಾನದವರು ಅಸ್ತಿಭಾರ ಹಾಕಿದ ವಿಕ್ಟೋರಿಯಾ ಆಸ್ಪತ್ರೆಯನ್ನು ೧೯೦೦ರ ಡಿಸೆಂಬರಿನಲ್ಲಿ ಲಾರ್ಡ್ ಕರ್ಜನನು ಬೆಂಗಳೂರಿನಲ್ಲಿ ತೆರೆದನು. ಸಂಸ್ಥಾನದ ವೈದ್ಯಕೀಯ ಕಾಲೇಜು ೧೯೨೪ರಲ್ಲಿ ಬೆಂಗಳೂರಿನಲ್ಲಿ ಆರಂಭವಾಗಿ ೧೯೩೦ರಲ್ಲಿ ಮೈಸೂರಿಗೆ ಹೋಯಿತು. ಹೀಗೆ ಶಸ್ತ್ರಚಿಕಿತ್ಸೆಯ ಹೊಸ ಜ್ಞಾನ ನಮ್ಮ ನಾಡಿಗೆ ತಡವಾಗಿ ಬಂತೆನ್ನುವಂತಿಲ್ಲ. ಆದರೆ ತುಮಕೂರಿನಿಂದ ಬೆಂಗಳೂರಿಗೆ ಸುಮಾರು ೭೦ ಕಿಲೋಮೀಟರು; ಹೆಬ್ಬೂರಿನವನು ರೈಲು ಹಿಡಿಯಬೇಕಾದರೆ ಮೊದಲು ಎತ್ತಿನ ಗಾಡಿಯಲ್ಲಿ ತುಮಕೂರು ಸೇರಬೇಕಾಗಿತ್ತು. ಒಳಗೆ ರಕ್ತ ಹರಿಯುತ್ತಿರುವವನಿಗೆ ಗಾಡಿಯ ಆ ದಾರಿಯೇ ನಿರ್ಣಾಯಕವಾಗಿತ್ತೆಂಬುದನ್ನು ಬೇರೆ ಹೇಳಬೇಕಾಗಿಲ್ಲ.

೫

ಕೈಯಿಂದ ಮುಟ್ಟಿ ತಿಳಿಯುವ ಲಕ್ಷಣಗಳಿಗೆ ಮಿತಿಯುಂಟು. ತಲೆಗೆ ಪೆಟ್ಟಾಗಿ ಎಚ್ಚರ ತಪ್ಪಿದವನು, ಕುಡಿದವನು, ಬೆನ್ನುಹುರಿಗೆ ಹಾನಿಯಾದವನು ನೋವನ್ನು ಹೇಳಲಾರರು. ರಕ್ತದ ಪರೀಕ್ಷೆಯಿಂದಲೂ ಕೂಡಲೆ ಪ್ರಯೋಜನವಿಲ್ಲ. ಹರಿದುಹೋದುದು ಪೂರ್ಣರಕ್ತವಾದ್ದರಿಂದ ಉಳಿದುದರ ಸಾಂದ್ರತೆ ಕೆಲವು ಗಂಟೆಗಳ ತನಕ ಬದಲಾಗುವುದಿಲ್ಲ. ಆದಕಾರಣ ಹೊಟ್ಟೆಯೊಳಗಿರುವುದನ್ನು ಹೊರತೆಗೆದು ನೋಡುವ ಯತ್ನ ಆರಂಭವಾಯಿತು. ೧೮೮೦ರಲ್ಲಿ ಮಿಕುಲಿಚ್ ಸೂಜಿ ಚುಚ್ಚಿ ನೋಡುವುದನ್ನು ಸೂಚಿಸಿದನು. ೧೯೨೬ರಲ್ಲಿ ನ್ಯೂಹಾಫ್ ಮತ್ತು ಕೋಹೆನ್ ಇದೇ ವಿಧಾನವನ್ನು ಕುರಿತು ಬರೆದರು. ಸೂಜಿಗೆ ರಕ್ತ ಬಂದರೆ ಗಾಯವುಂಟೆಂದು ನಂಬಬಹುದು; ಬಾರದಿದ್ದರೆ ಇಲ್ಲವೆಂದು ಹೇಳಲಾಗದು. ಇದೇ ಅದರ ದೊಡ್ಡ ಕೊರತೆ.

೧೯೬೫ರಲ್ಲಿ ಅಮೆರಿಕದ ಡೇವಿಡ್ ರೂಟ್ ಮತ್ತು ಸಂಗಡಿಗರು ಈ ಕೊರತೆಯನ್ನು ತುಂಬಿದರು. ಹೊಕ್ಕುಳಿನ ಕೆಳಗೆ ಸಣ್ಣದಾಗಿ ಕೊಯ್ದು ನಳಿಕೆಯನ್ನು ಇಳಿಸಿ, ವಯಸ್ಕರಲ್ಲಿ ಸುಮಾರು ಒಂದು ಲೀಟರು ಲವಣದ್ರವವನ್ನು ಒಳಗೆ ಬಿಟ್ಟು, ಮತ್ತೆ ಹೊರಕ್ಕೆ ಹರಿಯಿಸಿ ಪರೀಕ್ಷಿಸುವುದು ಇದರ ಕ್ರಮ. ಹೊರಬಂದ ದ್ರವದ ಒಂದು ಘನ ಮಿಲಿಮೀಟರಿನಲ್ಲಿ ಒಂದು ಲಕ್ಷಕ್ಕಿಂತ ಹೆಚ್ಚು ಕೆಂಪು ರಕ್ತಕಣಗಳಿದ್ದರೆ ಒಳಗಾಯ ಉಂಟೆಂದು ತಿಳಿಯುವುದು ರೂಢಿಯಾಯಿತು. ಬೆಲೆಬಾಳುವ ಯಂತ್ರ ಬೇಡದ ಈ ಪರೀಕ್ಷೆ ಎರಡು ದಶಕಗಳ ಕಾಲ ಪ್ರಮಾಣವಾಗಿ ನಿಂತಿತು. ಆದರೆ ಅದು ಅತಿ ಸೂಕ್ಷ್ಮಗ್ರಾಹಿ. ತಾನಾಗಿಯೇ ನಿಂತುಹೋಗಬಹುದಾಗಿದ್ದ ಅಲ್ಪ ರಕ್ತಸ್ರಾವವನ್ನೂ ಅದು ಸಾರಿ ಹೇಳುತ್ತಿದ್ದುದರಿಂದ, ತೆರೆಯಬೇಕಾಗಿಲ್ಲದ ಹೊಟ್ಟೆಗಳನ್ನೂ ತೆರೆದದ್ದುಂಟು. ಉದರಪೊರೆಯ ಹಿಂದೆ ಅಡಗಿರುವ ಮೂತ್ರಪಿಂಡ, ಮೇದೋಜೀರಕ ಗ್ರಂಥಿಗಳ ವಿಷಯದಲ್ಲಿ ಅದು ಮೌನವಾಗಿತ್ತು.

೬

ತೆರೆಯದೆ ಒಳಗನ್ನು ನೋಡುವ ಸಾಧನಗಳು ೧೯೭೦ರ ದಶಕದಲ್ಲಿ ಬಂದುವು. ೧೯೭೧ರಲ್ಲಿ ಇಂಗ್ಲೆಂಡಿನ ಹೌನ್ಸ್‌ಫೀಲ್ಡನ ಯಂತ್ರದಿಂದ ಮೊದಲ ರೋಗಿಯ ಮಿದುಳಿನ ಸಿ.ಟಿ. ಚಿತ್ರ ದೊರೆಯಿತು, ಅದೇ ದಶಕದಲ್ಲಿ ಇಡೀ ಶರೀರಕ್ಕೆ ಆ ತಂತ್ರ ವಿಸ್ತರಿಸಿತು. ಯಾವ ಅಂಗಕ್ಕೆ ಎಷ್ಟು ಆಳದ ಗಾಯವಾಗಿದೆಯೆಂಬುದು ಈಗ ಚಿತ್ರದಲ್ಲಿಯೇ ಕಾಣತೊಡಗಿತು. ೧೯೮೯ರಲ್ಲಿ ಅಮೆರಿಕದ ಶಸ್ತ್ರವೈದ್ಯರ ಸಂಘವೊಂದು ಪ್ಲೀಹ, ಯಕೃತ್ತು, ಮೂತ್ರಪಿಂಡಗಳ ಗಾಯಗಳಿಗೆ ದರ್ಜೆಗಳನ್ನು ನಿಗದಿಮಾಡಿತು. ೧೯೯೪ ಮತ್ತು ೨೦೧೮ರಲ್ಲಿ ಅವು ಪರಿಷ್ಕೃತವಾದುವು. ಆದರೆ ಸಿ.ಟಿ. ಯಂತ್ರ ರೋಗಿಯ ಬಳಿಗೆ ಬರುವುದಿಲ್ಲ, ರೋಗಿಯೇ ಅದರ ಬಳಿಗೆ ಹೋಗಬೇಕು. ರಕ್ತದೊತ್ತಡ ಕುಸಿಯುತ್ತಿರುವವನನ್ನು ಅಲ್ಲಿಗೆ ಸಾಗಿಸುವುದೇ ಅಪಾಯ.

ಶ್ರವಣಾತೀತ ತರಂಗಗಳ ಯಂತ್ರವಾದರೋ ಮಂಚದ ಪಕ್ಕಕ್ಕೆ ಬರುತ್ತದೆ. ಯೂರೋಪು ಮತ್ತು ಜಪಾನುಗಳಲ್ಲಿ ಮೊದಲು ರೂಢಿಗೆ ಬಂದು, ೧೯೯೦ರ ದಶಕದಲ್ಲಿ ಅಮೆರಿಕದಲ್ಲಿ ‘ಫಾಸ್ಟ್’ ಎಂಬ ಹೆಸರನ್ನು ಪಡೆದ ಪರೀಕ್ಷೆಯಲ್ಲಿ ನಾಲ್ಕು ಸ್ಥಳಗಳನ್ನು ನೋಡುವರು: ಯಕೃತ್ತು ಮತ್ತು ಬಲ ಮೂತ್ರಪಿಂಡದ ನಡುವೆ, ಪ್ಲೀಹ ಮತ್ತು ಎಡ ಮೂತ್ರಪಿಂಡದ ನಡುವೆ, ಕಿಬ್ಬೊಟ್ಟೆಯ ಕುಳಿಯಲ್ಲಿ, ಹೃದಯದ ಸುತ್ತ. ಮಲಗಿರುವವನಲ್ಲಿ ರಕ್ತ ಹರಿದು ನಿಲ್ಲುವ ತಗ್ಗುಗಳು ಇವು. ಕೆಲವು ನಿಮಿಷಗಳಲ್ಲಿ ಮುಗಿಯುವ ಈ ಪರೀಕ್ಷೆ ದ್ರವ ಉಂಟೆ ಎಂಬ ಒಂದು ಪ್ರಶ್ನೆಗೆ ಉತ್ತರ ಕೊಡುತ್ತದೆ. ಕರುಳಿನ ಸಣ್ಣ ತೂತನ್ನು ಅದು ಕಾಣಿಸಲಾರದು.

ನಮ್ಮ ದೇಶದಲ್ಲಿ ಈ ಯಂತ್ರಕ್ಕೆ ಒಂದು ಪ್ರತ್ಯೇಕ ಚರಿತ್ರೆಯಿದೆ. ಗರ್ಭದಲ್ಲಿರುವ ಶಿಶು ಹೆಣ್ಣೆಂದು ತಿಳಿದು ಕೊಲ್ಲುವ ಅನಾಚಾರವನ್ನು ತಡೆಯಲು ೧೯೯೪ರಲ್ಲಿ ಮಾಡಿದ ಕಾಯಿದೆಯ ಮೇರೆಗೆ ಸ್ಕ್ಯಾನಿಂಗ್ ಯಂತ್ರಗಳ ನೋಂದಣಿ, ಅವನ್ನು ಬಳಸುವವರ ಅರ್ಹತೆ, ಅವುಗಳ ಸಾಗಾಟ ಇವೆಲ್ಲ ಕಟ್ಟುನಿಟ್ಟಿನ ನಿಯಮಗಳಿಗೆ ಒಳಪಟ್ಟಿವೆ. ಕಾಯಿದೆಯ ಉದ್ದೇಶ ನ್ಯಾಯವಾದುದೆಂಬುದರಲ್ಲಿ ಸಂಶಯವಿಲ್ಲ. ಆದರೆ ಬೇರೆ ದೇಶಗಳಲ್ಲಿ ಆಂಬ್ಯುಲೆನ್ಸಿನಲ್ಲಿಯೇ ಒಯ್ಯುವ ಈ ಸಾಧನ ನಮ್ಮ ಹೋಬಳಿಗಳ ಅಪಘಾತಚಿಕಿತ್ಸೆಗೆ ಅಷ್ಟು ಸುಲಭವಾಗಿ ಒದಗದಿರುವುದಕ್ಕೆ ಇದೂ ಒಂದು ಕಾರಣ. ಒಂದು ಸಾಮಾಜಿಕ ಪಾಪದ ಋಣವನ್ನು ಅದಕ್ಕೆ ಸಂಬಂಧವಿಲ್ಲದ ಗಾಯಾಳು ತೀರಿಸಬೇಕಾಗಿ ಬಂದಿರುವುದು ವಿಷಾದಕರ.

ಚಿತ್ರ ಸ್ಪಷ್ಟವಾದಂತೆ ಚಿಕಿತ್ಸೆಯ ಧೋರಣೆಯೂ ಬದಲಾಯಿತು. ೧೯೫೨ರಲ್ಲಿ ಕಿಂಗ್ ಮತ್ತು ಶೂಮೇಕರ್, ಪ್ಲೀಹವನ್ನು ತೆಗೆದ ಶಿಶುಗಳಲ್ಲಿ ತೀವ್ರವಾದ ಸೋಂಕುಗಳು ಬರುವುದನ್ನು ವರದಿಮಾಡಿದ್ದರು. ೧೯೬೮ರಲ್ಲಿ ಟೊರಾಂಟೋದ ಮಕ್ಕಳ ಆಸ್ಪತ್ರೆಯ ಅನುಭವವನ್ನು ಆಧರಿಸಿ ಭಾರತೀಯರಾದ ಉಪಾಧ್ಯಾಯರೂ ಸಿಂಪ್ಸನ್ನರೂ ಬರೆದ ಲೇಖನ, ಬಿರಿದ ಪ್ಲೀಹವನ್ನು ಎಲ್ಲ ಮಕ್ಕಳಲ್ಲಿಯೂ ತೆಗೆಯಲೇಬೇಕೆಂಬ ನಂಬಿಕೆಯನ್ನು ಸಡಿಲಿಸಿತು. ಇಂದು ರಕ್ತದೊತ್ತಡ ಸ್ಥಿರವಾಗಿರುವ ಮಕ್ಕಳಲ್ಲಿಯೂ ವಯಸ್ಕರಲ್ಲಿಯೂ ಯಕೃತ್ತು ಪ್ಲೀಹಗಳ ಅನೇಕ ಗಾಯಗಳನ್ನು ಶಸ್ತ್ರವಿಲ್ಲದೆ ಗುಣಪಡಿಸುವರು. ಆದರೆ ಹಾಗೆ ಮಾಡಲು ನಾಡಿ, ರಕ್ತದೊತ್ತಡ, ಹೊಟ್ಟೆಯ ಸ್ಥಿತಿ ಇವನ್ನು ಗಂಟೆಗಂಟೆಗೂ ನೋಡುವ ಜನ ಬೇಕು. ಕೆಟ್ಟರೆ ಕೂಡಲೆ ತೆರೆಯಬಲ್ಲ ಶಸ್ತ್ರಶಾಲೆ ಪಕ್ಕದಲ್ಲಿರಬೇಕು. ಮಂಚದ ಬಳಿ ಕುಳಿತು ರೋಗಿಯನ್ನು ನೋಡುವ ಹಳೆಯ ಕಲೆಗೆ ಯಂತ್ರಗಳ ಕಾಲದಲ್ಲಿಯೂ ಬೆಲೆ ತಗ್ಗಿಲ್ಲ.

೭

ಈಗ ನ್ಯಾಯಾಲಯಕ್ಕೂ ರಸ್ತೆಗೂ ಮರಳೋಣ. ಅಪಘಾತದ ಗಾಯಾಳು ಪೊಲೀಸರ ಮೊಕದ್ದಮೆಗೆ ಸಂಬಂಧಪಟ್ಟವನೆಂಬ ಕಾರಣದಿಂದ ಅವನನ್ನು ಮುಟ್ಟಲು ಹಿಂಜರಿಯುವ ರೂಢಿ ಬಹುಕಾಲ ಇತ್ತು. ಸ್ಕೂಟರಿನಲ್ಲಿ ಹೋಗುತ್ತಿದ್ದವನೊಬ್ಬನಿಗೆ ಕಾರು ಬಡಿದಾಗ ಹತ್ತಿರದ ಆಸ್ಪತ್ರೆಯವರು ಅವನನ್ನು ಸೇರಿಸಿಕೊಳ್ಳದೆ, ಇಂಥ ಪ್ರಕರಣಗಳಿಗೆ ಅಧಿಕೃತವಾದ, ಸುಮಾರು ೨೦ ಕಿಲೋಮೀಟರು ದೂರದ ಮತ್ತೊಂದು ಆಸ್ಪತ್ರೆಗೆ ಕಳುಹಿಸಿದರು. ದಾರಿಯಲ್ಲಿಯೇ ಅವನು ಸತ್ತನು. ಈ ಸಂಗತಿಯನ್ನು ಆಧರಿಸಿದ ಪರಮಾನಂದ ಕಟಾರಾ ಮೊಕದ್ದಮೆಯಲ್ಲಿ ೧೯೮೯ರಲ್ಲಿ ಸರ್ವೋಚ್ಚ ನ್ಯಾಯಾಲಯ, ಪ್ರಾಣ ಉಳಿಸುವುದೇ ವೈದ್ಯನ ಮೊದಲ ಕರ್ತವ್ಯ, ಕಾನೂನಿನ ವಿಧಿಗಳು ಅದರ ನಂತರ ಎಂದು ಸಾರಿತು. ೧೮೭೬ರಲ್ಲಿ ಸತ್ತವನ ಪ್ಲೀಹವನ್ನು ಕುರಿತು ವಾದಿಸುತ್ತಿದ್ದ ನ್ಯಾಯಪದ್ಧತಿ ನೂರಹದಿಮೂರು ವರ್ಷಗಳ ಮೇಲೆ ಬದುಕಿರುವವನ ಕಡೆಗೆ ತಿರುಗಿತೆಂದು ಹೇಳಬಹುದು. ಗಾಯಾಳುವಿಗೆ ನೆರವಾದ ದಾರಿಹೋಕನನ್ನು ಸಾಕ್ಷಿಗಾಗಿ ಪೀಡಿಸಬಾರದೆಂಬ ನಿಯಮ ೨೦೧೬ರಲ್ಲಿ ಅದೇ ನ್ಯಾಯಾಲಯದ ಮುದ್ರೆ ಪಡೆದು ೨೦೧೯ರಲ್ಲಿ ಮೋಟಾರು ವಾಹನ ಕಾಯಿದೆಯನ್ನು ಸೇರಿತು. ಕರ್ನಾಟಕದಲ್ಲಿ ೨೦೦೮ರ ನವೆಂಬರ್ ೧ರಂದು ಆರಂಭವಾದ ೧೦೮ ಆಂಬ್ಯುಲೆನ್ಸ್ ವ್ಯವಸ್ಥೆ ಹಿಂದೆ ಗಾಡಿ ಸಾಗುತ್ತಿದ್ದ ದಾರಿಯನ್ನು ಗಂಟೆಗಳಿಂದ ನಿಮಿಷಗಳಿಗೆ ಇಳಿಸಿತು. ತುಮಕೂರಿನಲ್ಲಿಯೇ ಜಿಲ್ಲಾ ಆಸ್ಪತ್ರೆಯಿದೆ. ೧೯೮೮ರಲ್ಲಿ ವೈದ್ಯಕೀಯ ಕಾಲೇಜೊಂದೂ ಸ್ಥಾಪಿತವಾಯಿತು.

ಹೀಗಿದ್ದೂ ಮೂಗೇಟಿನ ಸ್ವಭಾವ ಬದಲಾಗಿಲ್ಲ. ತೆಂಗಿನ ಮರದಿಂದ ಬಿದ್ದವನು ಎದ್ದು ಕುಳಿತರೆ, ಗಾಯವಿಲ್ಲವೆಂದು ಸುತ್ತಲಿನವರು ಸಮಾಧಾನ ತಾಳುವರು. ನೀರು ಕುಡಿಸುವುದು, ಎಣ್ಣೆ ಹಚ್ಚಿ ಹೊಟ್ಟೆಯನ್ನು ನೀವುವುದು, ಬಿಸಿ ಶಾಖ ಕೊಡುವುದು ನಮ್ಮ ಹಳ್ಳಿಗಳ ವಾಡಿಕೆ. ಬಿರಿದ ಪ್ಲೀಹದ ಮೇಲೆ ನೀವುವುದರಿಂದ ಆಗುವ ಅನರ್ಥವನ್ನು ಮೇಲಿನ ವಿವರಣೆಯಿಂದ ಓದುಗರೇ ಊಹಿಸಬಹುದು. ನೀರು ಅನ್ನ ಹೊಟ್ಟೆಯಲ್ಲಿದ್ದರೆ ಮುಂದಿನ ಅರಿವಳಿಕೆಗೂ ತೊಡಕು. ಹೊಟ್ಟೆಗೆ ಬಲವಾದ ಪೆಟ್ಟು ಬಿದ್ದವನಲ್ಲಿ ಬಾಯಾರಿಕೆ, ಬಿಳಿಚಿಕೆ, ತಣ್ಣನೆಯ ಕೈಕಾಲು, ಚುರುಕಾದ ನಾಡಿ, ಹೆಗಲಿನ ನೋವು, ಹೊಟ್ಟೆಯ ಬಿಗಿತ ಇವುಗಳಲ್ಲಿ ಯಾವುದೊಂದು ಕಂಡರೂ ಅವನನ್ನು ಮಲಗಿಸಿ, ಬಾಯಿಗೆ ಏನೂ ಕೊಡದೆ, ಶಸ್ತ್ರಶಾಲೆಯಿರುವ ಆಸ್ಪತ್ರೆಗೆ ತಡವಿಲ್ಲದೆ ಒಯ್ಯಬೇಕು. ಇವುಗಳಲ್ಲಿ ಹೆಚ್ಚಿನವು ಸುಶ್ರುತಸಂಹಿತೆ ಎಣಿಸಿದ ಲಕ್ಷಣಗಳೇ. ಅಂದು ಅವು ರೋಗಿಯನ್ನು ಬಿಡುವುದಕ್ಕೆ ಕಾರಣವಾಗಿದ್ದುವು. ಇಂದು ಅವನನ್ನು ಎತ್ತಿಕೊಂಡು ಹೊರಡುವುದಕ್ಕೆ ಕಾರಣವಾಗಿವೆ.

ಈ ಸಮೀಕ್ಷೆಯಿಂದ ಮೂರು ಅಂಶಗಳು ಫಲಿಸುವುವು. ಮೊದಲನೆಯದಾಗಿ, ಲಕ್ಷಣಜ್ಞಾನ ಹಳೆಯದಾದರೂ ಚಿಕಿತ್ಸೆ ಸಾಧ್ಯವಾದ ಮೇಲೆಯೇ ಅದು ನಿದಾನವೆಂಬ ಹೆಸರಿಗೆ ಅರ್ಹವಾಯಿತು. ಎರಡನೆಯದಾಗಿ, ಪ್ರತಿಯೊಂದು ಹೊಸ ಸಾಧನವೂ ಒಂದು ಪ್ರಶ್ನೆಗೆ ಉತ್ತರ ಕೊಟ್ಟು ಮತ್ತೊಂದನ್ನು ಬಿಟ್ಟಿದೆ. ಮತ್ತೆ ಮತ್ತೆ ರೋಗಿಯನ್ನು ನೋಡುವ ಕ್ರಮಕ್ಕೆ ಬದಲಿಯಾಗಿ ಯಾವುದೂ ಬಂದಿಲ್ಲ. ಮೂರನೆಯದಾಗಿ, ದೂರ ಮತ್ತು ಕಾನೂನುಗಳು ನಿದಾನದ ಹೊರಗಿನ ವಿಷಯಗಳಲ್ಲ. ಪೆಟ್ಟು ಬಿದ್ದ ಊರಿನಿಂದ ನೋಡುವವರಿಗೆ ಅವೇ ಅದರ ಮೊದಲ ಅಧ್ಯಾಯ. ಹಳೆಯ ಆಸ್ಪತ್ರೆಗಳ ದಾಖಲೆಪುಸ್ತಕಗಳು, ಶವಪರೀಕ್ಷೆಯ ವರದಿಗಳು, ಸೆಷನ್ಸ್ ನ್ಯಾಯಾಲಯದ ತೀರ್ಪುಗಳು, ಮೂಗೇಟು ಜ್ವರಗಡ್ಡೆಗಳಂಥ ಆಡುಮಾತುಗಳು ಇವೆಲ್ಲ ಇತಿಹಾಸದ ಆಕರಗಳೇ ಆಗಿವೆ. ನಮ್ಮ ವಿದ್ಯಾರ್ಥಿಗಳು ತಮ್ಮ ತಮ್ಮ ತಾಲ್ಲೂಕುಗಳಲ್ಲಿ ಇವನ್ನು ಸಂಗ್ರಹಿಸಿ, ವ್ಯಕ್ತಿಗಳ ಗುಟ್ಟನ್ನು ಕಾಪಾಡಿ, ಪರಿಶೀಲಿಸಿದರೆ, ಅರಸರ ಯುದ್ಧಗಳ ಚರಿತ್ರೆಯ ಪಕ್ಕದಲ್ಲಿ ಸಾಮಾನ್ಯರ ಶರೀರಗಳ ಚರಿತ್ರೆಯನ್ನೂ ಬರೆಯುವುದು ಸಾಧ್ಯವಾದೀತು. ಆ ಕೆಲಸಕ್ಕೆ ಹೆಬ್ಬೂರಿನಂಥ ಒಂದು ಹೋಬಳಿ ಸಾಕಷ್ಟು ದೊಡ್ಡ ಕ್ಷೇತ್ರವೆಂದು ನಮ್ಮ ಅಭಿಪ್ರಾಯ.